ಸಾರು ಮೇಲೋ, ಪಕ್ಕಕ್ಕೋ

ಶಾಲೆಯ ಅಡುಗೆ ಮನೆಗೆ ಹೊಸದಾಗಿ ಸೇರುವ ಹೆಣ್ಣುಮಕ್ಕಳಿಗೆ ತರಬೇತಿಯಲ್ಲಿ ಬೇಕಾದಷ್ಟು ಹೇಳುತ್ತಾರೆ. ತಲೆಗೆ ಟೋಪಿ ಹಾಕಿ, ಉಗುರು ಕತ್ತರಿಸಿ, ಸಿಲಿಂಡರ್ ಬಂದ್ ಮಾಡಿ ಮನೆಗೆ ಹೋಗಿ, ಒಂದು ತಲೆಗೆ ಇಷ್ಟು ಅಕ್ಕಿ, ಇಷ್ಟು ಬೇಳೆ. ಅದೆಲ್ಲ ಬೇಕಾದದ್ದೇ. ಆದರೆ ತಟ್ಟೆ ಮುಂದಿಟ್ಟುಕೊಂಡು ಉಣ್ಣದೆ ಕೂತ ಮಗುವಿಗೆ ಏನು ಮಾಡಬೇಕು ಎಂದು ನನಗೆ ಯಾವ ತರಬೇತಿಯಲ್ಲೂ ಹೇಳಲಿಲ್ಲ. ಅದನ್ನು ಕಲಿಸಿದವಳು ಮಗ್ಗದಲ್ಲಿ ಕೂಲಿಗೆ ಕೂರುವ ಒಬ್ಬ ತಾಯಿ. ಈಗ ಅರವತ್ತು ತುಂಬಿ ಮನೆಯಲ್ಲಿದ್ದೇನೆ. ನೆನಪಿರುವಷ್ಟನ್ನು ಬರೆದಿಡುತ್ತೇನೆ.

ನನ್ನ ಹೆಸರು ಸರೋಜ, ತವರು ಚಳ್ಳಕೆರೆ. ಅಪ್ಪ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ಕೊಟ್ಟದ್ದು ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಯ ಒಂದು ಹಳ್ಳಿಗೆ. ಶಾಲೆಯಲ್ಲಿ ಬಿಸಿಯೂಟ ಶುರುವಾದಾಗ ಹತ್ತನೇ ತರಗತಿ ಓದಿದವಳು ಎಂದು ನನ್ನನ್ನೇ ಮುಖ್ಯ ಅಡುಗೆಯವಳನ್ನಾಗಿ ಮಾಡಿದರು. ಜೊತೆಗೆ ಹೊನ್ನೂರಮ್ಮ. ಆಕೆಗೆ ಓದು ಬರುತ್ತಿರಲಿಲ್ಲ, ಅಡುಗೆ ಬರುತ್ತಿತ್ತು. ನನ್ನದು ಅದಕ್ಕೆ ತಿರುಗಾಮುರುಗ.

ಮೊದಲ ದಿನವೇ ಅನ್ನ ತಳ ಹಿಡಿಯಿತು. ಆಗ ಜಾಲಿ ಸೌದೆಯ ಒಲೆ. ಮನೆಯಲ್ಲಿ ಎಂಟು ಜನಕ್ಕೆ ಬೇಯಿಸಿದ ಕೈ, ನೂರ ನಲವತ್ತು ಮಕ್ಕಳ ಪಾತ್ರೆಗೂ ಅದೇ ಲೆಕ್ಕದಲ್ಲಿ ಬೆಂಕಿ ಕೊಟ್ಟಿದ್ದೆ. ಹೊನ್ನೂರಮ್ಮ ಸುಮ್ಮನೆ ಬಂದು ನಾಲ್ಕು ಈರುಳ್ಳಿ ಹೋಳು ಮಾಡಿ ಅನ್ನದ ಮೇಲಿಟ್ಟು ಮುಚ್ಚಿದಳು, ಸುಟ್ಟ ವಾಸನೆ ಎಳೆಯಲಿ ಎಂದು. ಬಡಿಸುವ ಮೊದಲು ಹೆಡ್ಮಾಸ್ಟರು ರುಚಿ ನೋಡಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಆಗಿದ್ದವರು ವಯಸ್ಸಾದವರು. ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ಪುಸ್ತಕದಲ್ಲಿ ‘ಚೆನ್ನಾಗಿದೆ’ ಎಂದು ಬರೆದರು. ಆಮೇಲೆ ನನಗೆ ಮಾತ್ರ ಕೇಳುವಂತೆ, ನಾಳೆ ಇದನ್ನು ನಿಜ ಮಾಡವ್ವ ಎಂದರು. ಅಂಥ ಮೇಲಿನವರು ಸಿಕ್ಕಿದ್ದು ನನ್ನ ಪುಣ್ಯ. ಗ್ಯಾಸ್ ಬಂದ ವಾರ ಮತ್ತೆ ಅದೇ ಕಥೆ, ಈ ಸಲ ಸಾರು ಉಕ್ಕಿ ನೆಲದ ಮೇಲೆ. ಸೌದೆಯ ಬೆಂಕಿಯನ್ನು ಕಣ್ಣಿನಿಂದ ನೋಡಿ ತಿಳಿಯುತ್ತಿದ್ದೆ, ಗ್ಯಾಸಿನದನ್ನು ಕಿವಿಯಿಂದ ತಿಳಿಯುವುದಕ್ಕೆ ಒಂದು ತಿಂಗಳು ಹಿಡಿಯಿತು.

ಇವು ಎಲ್ಲರೂ ಮಾಡುವ ತಪ್ಪುಗಳು. ನಾನು ಮಾಡಿದ ದೊಡ್ಡ ತಪ್ಪುಗಳು ಎರಡು. ಎರಡೂ ಸಿಂಚನಾಳ ವಿಷಯದಲ್ಲಿ.

ಸಿಂಚನಾ ಒಂದನೇ ತರಗತಿಗೆ ಸೇರಿದಾಗ ಆರು ವರ್ಷದ ತೆಳ್ಳನೆ ಹುಡುಗಿ. ಮಾತು ಕಡಿಮೆ. ಕರೆದರೆ ತಿರುಗುತ್ತಿರಲಿಲ್ಲ, ಆದರೆ ದೂರದಲ್ಲಿ ಬಸ್ಸಿನ ಹಾರನ್ ಆದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ದೊಡ್ಡಾಸ್ಪತ್ರೆಯಲ್ಲಿ ಆಟಿಸಂ ಎಂದು ಬರೆದುಕೊಟ್ಟಿದ್ದರಂತೆ. ಊರಲ್ಲಿ ಒಬ್ಬೊಬ್ಬರು ಒಂದೊಂದು ಅನ್ನುತ್ತಿದ್ದರು. ಅವಳ ಅಜ್ಜಿ ಜಟಿಂಗ ರಾಮೇಶ್ವರನಿಗೆ ಹರಕೆ ಹೊತ್ತು ಬಂದಿದ್ದಳು. ಅವಳ ಅವ್ವ ಅಂಜಿನಮ್ಮ ಮಾತ್ರ, ‘ಅವಳಿಗೆ ಏನೂ ಹಿಡಿದಿಲ್ಲ, ಅವಳಿರೋದೇ ಹಂಗೆ’ ಎಂದು ಹೇಳಿ ಆ ಮಾತು ಮುಗಿಸಿಬಿಡುತ್ತಿದ್ದಳು.

ಸಿಂಚನಾ ಉಣ್ಣುತ್ತಿದ್ದದ್ದು ಬಿಳಿ ಅನ್ನ, ಅದರ ಮೇಲೆ ಒಣ ಶೇಂಗಾ ಪುಡಿ. ಅಷ್ಟೇ. ಸಾರಿನ ಹನಿ ಬಿದ್ದರೆ ತಟ್ಟೆ ದೂಡುತ್ತಿದ್ದಳು. ಅದೂ ಅವ್ವನ ಕೈಯಿಂದಲೇ ಆಗಬೇಕು. ಹೀಗಾಗಿ ಅಂಜಿನಮ್ಮ ದಿನಾ ಮಧ್ಯಾಹ್ನ ಓಡಿ ಬರುತ್ತಿದ್ದಳು. ಆಕೆ ಊರಿನ ಒಂದು ಮಗ್ಗದ ಮನೆಯಲ್ಲಿ ರೇಷ್ಮೆ ಸೀರೆಗೆ ಕೂರುತ್ತಿದ್ದಳು. ನಮ್ಮ ಕಡೆಯ ಸೀರೆಗೆ ಅಂಚು ಕೂಡಿಸುವಾಗ ಮಗ್ಗಕ್ಕೆ ಇಬ್ಬರು ಬೇಕು. ಒಬ್ಬರೆದ್ದರೆ ಇನ್ನೊಬ್ಬರ ಕೈಯೂ ನಿಂತುಹೋಗುತ್ತದೆ. ಮಗ್ಗದ ಯಜಮಾನರು ಮೂರು ತಿಂಗಳು ತಡೆದುಕೊಂಡರು. ಆಮೇಲೆ, ಪೂರಾ ದಿನ ಕೂರುವುದಾದರೆ ಬಾ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದರು. ಗಂಡ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮಗ್ಗ ಬಿಟ್ಟರೆ ಮನೆ ನಡೆಯದು. ಮಗ್ಗ ಬಿಡದಿದ್ದರೆ ಸಿಂಚನಾ ಶಾಲೆ ಬಿಟ್ಟು ಅಜ್ಜಿಯ ಜೊತೆ ಮನೆಯಲ್ಲಿ ಕೂರಬೇಕು. ಅಜ್ಜಿ ಅದನ್ನೇ ಹೇಳುತ್ತಿದ್ದಳು, ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ.

ನನಗೆ ಅಷ್ಟು ಹೊತ್ತಿಗೆ ಕೈಯ ಮೇಲೆ ಗರ್ವ ಬಂದಿತ್ತು. ಎಂಥೆಂಥ ಹಟದ ಮಕ್ಕಳಿಗೆ ಉಣ್ಣಿಸಿದ್ದೇನೆ, ಇವಳೇನು ಮಹಾ. ನೀನು ನಾಳೆಯಿಂದ ಬರಬೇಡ, ನಾನು ನೋಡಿಕೊಳ್ಳುತ್ತೇನೆ ಎಂದೆ. ಅಂಜಿನಮ್ಮ ಒಂದು ವಾರ ನನ್ನ ಪಕ್ಕದಲ್ಲೇ ಕೂತು, ನನ್ನ ಕೈಯಿಂದ ಬಡಿಸಿಸಿ ತನ್ನ ಕೈಯಿಂದ ಉಣ್ಣಿಸಿದಳು. ಆಮೇಲೆ ನನ್ನ ಕೈಯಿಂದ ಬಡಿಸಿಸಿ, ಮಗು ತನ್ನ ಕೈಯಿಂದಲೇ ಉಣ್ಣುವಂತೆ ಮಾಡಿ, ಪೂರಾ ದಿನ ಮಗ್ಗಕ್ಕೆ ಮರಳಿದಳು. ನಾನು ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗಿತ್ತು.

ಮೊಟ್ಟೆ ಕೊಡುವ ದಿನ. ಈ ಮಗು ಬರೀ ಅನ್ನ ತಿಂದು ಎಷ್ಟು ದಿನ ಬದುಕೀತು ಎಂದುಕೊಂಡೆ. ಬೇಯಿಸಿದ ಮೊಟ್ಟೆಯ ಬಿಳಿಯನ್ನು ಅಕ್ಕಿಯ ನುಚ್ಚಿನಷ್ಟು ಸಣ್ಣಗೆ ಹಿಚುಕಿ, ಅನ್ನದೊಳಗೆ ಕಲಸಿ, ಮೇಲೆ ಶೇಂಗಾ ಪುಡಿ ಉದುರಿಸಿದೆ. ಹೊನ್ನೂರಮ್ಮ ನೋಡಿ, ‘ನನಗೇ ಗೊತ್ತಾಗಂಗಿಲ್ಲ ಬಿಡಕ್ಕ’ ಅಂದಳು. ಸಿಂಚನಾಗೆ ಮೊದಲ ತುತ್ತಿಗೇ ಗೊತ್ತಾಯಿತು. ಅಳಲಿಲ್ಲ. ಬಾಯಲ್ಲಿದ್ದದ್ದನ್ನು ತಟ್ಟೆಗೆ ಉಗುಳಿ, ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಅವತ್ತಿನಿಂದ ನನ್ನ ಕೈಯ ಅನ್ನ ಬಿಟ್ಟಳು. ಅಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಮನೆಯಲ್ಲೂ ಅನ್ನ ಬಿಟ್ಟಳು. ಅನ್ನದ ಒಳಗೆ ಏನೋ ಇರಬಹುದು ಎಂಬ ಹೆದರಿಕೆ. ಬರೀ ಒಣ ಶೇಂಗಾ, ನೀರು. ಐದು ದಿನಕ್ಕೆ ಮಗುವಿನ ಕಣ್ಣು ಒಳಗೆ ಹೋಯಿತು.

ಅವರ ಮನೆಗೆ ಹೋದೆ. ಬಯ್ಯುತ್ತಾಳೆ, ಬಯ್ಯಲಿ ಎಂದುಕೊಂಡೇ ಹೋದದ್ದು. ಅಂಜಿನಮ್ಮ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ನಿಲ್ಲಿಸಲಿಲ್ಲ.

“ಅಕ್ಕಾ, ಆ ಪುಡಿ ಅನ್ನಕ್ಕೆ ಬರೋಕೆ ಎಂಟು ತಿಂಗ್ಳು ಹಿಡೀತು ನನಗೆ,” ಎಂದಳು. “ಮೊದ್ಲು ತಟ್ಟೆ ದೂರ ಒಂದು ಚಿಟಿಕೆ ಇಡ್ತಿದ್ದೆ. ಒಂದು ತಿಂಗ್ಳು ಅಲ್ಲೇ ಬಿದ್ದಿರದು. ಆಮ್ಯಾಕೆ ತಟ್ಟೆ ಪಕ್ಕ. ಆಮ್ಯಾಕೆ ತಟ್ಟೆ ಅಂಚಿಗೆ. ಒಂದಿನ ಅವಳೇ ಬೆರಳು ಅದ್ದಿದ್ಲು. ಅವಳಿಗೆ ಮೊಟ್ಟೆ ಬ್ಯಾಡ ಅಂತಲ್ಲಕ್ಕ. ಹೇಳ್ದೆ ಕೇಳ್ದೆ ಒಳಗೆ ಬಂತಲ್ಲ, ಅದಕ್ಕೆ.”

ಎಂಟು ತಿಂಗಳು. ನಾನು ಒಂದು ಮಗುವಿಗೆ ಎಂಟು ನಿಮಿಷದ ಮೇಲೆ ಕಾದವಳಲ್ಲ. ಏನು ಮಾಡಲಿ ಈಗ ಎಂದು ಕೇಳಿದೆ. ಮಾಡುವುದೇನೂ ಇಲ್ಲ, ಮಾಡದೆ ಇರುವುದೇ ಕಷ್ಟ ಎಂದು ವಿವರಿಸಿದಳು. ಅದೇ ಸೌಟು, ಅದೇ ಜಾಗ. ಅನ್ನ ಅವಳ ಕಣ್ಣ ಮುಂದೆಯೇ ಪಾತ್ರೆಯಿಂದ ತಟ್ಟೆಗೆ ಬೀಳಬೇಕು, ಮರೆಯಲ್ಲಿ ಬಡಿಸಿ ತರಬಾರದು. ಉಣ್ಣು ಎನ್ನಬಾರದು. ಪುಸಲಾಯಿಸಬಾರದು. ಉಣ್ಣಲಿಲ್ಲವೆಂದು ಮುಖ ಸಣ್ಣದು ಮಾಡಬಾರದು. ತಟ್ಟೆ ಹಾಗೇ ವಾಪಸ್ ಬಂದರೆ ಹಾಗೇ ತೆಗೆದುಕೊಳ್ಳಬೇಕು. ಇಷ್ಟು ಹೇಳಿ ಮತ್ತೆ ಮಧ್ಯಾಹ್ನದ ಹೊತ್ತು ಬರತೊಡಗಿದಳು. ಮಗ್ಗದ ಯಜಮಾನರ ಕಾಲಿಗೆ ಬಿದ್ದು ಒಂದು ತಿಂಗಳ ಸಮಯ ಕೇಳಿದ್ದಳು ಎಂದು ಆಮೇಲೆ ತಿಳಿಯಿತು. ನನ್ನ ತಪ್ಪಿಗೆ ಆಕೆ ಕಾಲಿಗೆ ಬಿದ್ದದ್ದು.

ಮೂರು ವಾರಕ್ಕೆ ಸಿಂಚನಾ ಮತ್ತೆ ಅನ್ನಕ್ಕೆ ಕೈ ಹಾಕಿದಳು. ಆದರೆ ಅವ್ವ ಇಲ್ಲದಿದ್ದರೆ ಉಣ್ಣುತ್ತಿರಲಿಲ್ಲ. ಗದ್ದಲವೇ ಅವಳಿಗೆ ದೊಡ್ಡ ಶತ್ರು. ನೂರ ನಲವತ್ತು ಸ್ಟೀಲ್ ತಟ್ಟೆ ಸಿಮೆಂಟ್ ನೆಲದ ಮೇಲೆ ಒಟ್ಟಿಗೆ ಬಿದ್ದರೆ ದೊಡ್ಡವರಿಗೇ ತಲೆ ಗುಂಯ್ ಎನ್ನುತ್ತದೆ. ಅವ್ವ ಇದ್ದರೆ ಸೆರಗಿನಿಂದ ಅವಳ ಕಿವಿ ಮುಚ್ಚಿ ಹಿಡಿಯುತ್ತಿದ್ದಳು. ತಿಂಗಳು ಮುಗಿಯುವುದಕ್ಕೆ ನಾಲ್ಕು ದಿನ ಇತ್ತು.

ಆಗ ನನಗೆ ಒಂದು ಉಪಾಯ ಹೊಳೆಯಿತು. ಅಡುಗೆ ಮನೆಯ ಹಿಂದೆ ಒಂದು ಸಣ್ಣ ಜಗಲಿ, ಬೇವಿನ ನೆರಳು, ಸದ್ದಿಲ್ಲದ ಜಾಗ. ಮುಟ್ಟದಿದ್ದರೂ ಸಾರು ಪಕ್ಕದಲ್ಲಿ ಕಣ್ಣಿಗೆ ಬೀಳುತ್ತಿರಲಿ ಎಂದು ಅಂಜಿನಮ್ಮ ಅದಕ್ಕೆ ಮನೆಯಿಂದ ಒಂದು ಬಟ್ಟಲು ಕೊಟ್ಟಿದ್ದಳು. ಸಿಂಚನಾಳ ತಟ್ಟೆಯನ್ನೂ ಬೇರೆ ಎತ್ತಿಟ್ಟು, ಅವ್ವ ಬರುವ ಮೊದಲೇ ಅವಳನ್ನು ಆ ಜಗಲಿಯಲ್ಲಿ ಕೂರಿಸಿ ಬಡಿಸಿದೆ. ಒಂದು ಅಗಳು ಬಿಡದೆ ಉಂಡಳು. ಮರುದಿನವೂ. ಅಂಜಿನಮ್ಮನಿಗೆ, ಉಂಡಳು, ಇನ್ನು ನೀನು ಬರಬೇಡ ಎಂದು ಹೇಳಿ ಕಳಿಸಿದೆ. ಆಕೆ ಪೂರಾ ದಿನ ಮಗ್ಗಕ್ಕೆ ಕೂತಳು. ನಾನು ಊರೆಲ್ಲ ಹೇಳಿಕೊಂಡು ಬಂದೆ.

ಇಲ್ಲಿ ಒಂದು ಮಾತು ಬರೆಯದೆ ಹೋದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮದು ವಿಭೂತಿ ಹಚ್ಚುವ ಮನೆ. ಅಂಜಿನಮ್ಮನದು ಊರಾಚೆಯ ಕಾಲೋನಿ. ಕಾಲೋನಿಯ ಮಗು ಅಡುಗೆ ಮನೆಯ ಹಿಂದೆ, ಒಬ್ಬಳೇ, ಬೇರೆ ತಟ್ಟೆ, ಬೇರೆ ಬಟ್ಟಲು. ನೋಡಿದವರಿಗೆ ಏನು ಕಾಣುತ್ತದೆ? ನನಗೆ ಹೊಳೆಯಲೇ ಇಲ್ಲ. ಹೊಳೆಯಬೇಕಾದ ಪ್ರಸಂಗ ನನ್ನ ಬದುಕಿನಲ್ಲಿ ಯಾವತ್ತೂ ಬಂದಿರಲಿಲ್ಲ, ಅದಕ್ಕೇ. ಕಾಲೋನಿಯವರೊಬ್ಬರು ಆ ದಾರಿಯಲ್ಲಿ ಹೋಗುವಾಗ ನೋಡಿ ಮೊಬೈಲಿನಲ್ಲಿ ಫೋಟೊ ತೆಗೆದರು. ನನಗೆ ಆಗ ಅವರ ಮೇಲೆ ಸಿಟ್ಟು ಬಂದಿತ್ತು. ಈಗ ಇಲ್ಲ. ಅವರ ಕಣ್ಣಿಗೆ ಕಂಡದ್ದು ಸುಳ್ಳಾಗಿರಲಿಲ್ಲ.

ಆ ಫೋಟೊ ತಾಲ್ಲೂಕು ಕಚೇರಿ ಮುಟ್ಟಿ, ಎರಡನೇ ದಿನ ಊಟದ ಹೊತ್ತಿಗೇ ಅಲ್ಲಿಂದ ಅಧಿಕಾರಿ ಬಂದರು. ನೇರ ಹಿಂದಿನ ಜಗಲಿಗೆ ಹೋದರು. ಮಗು ಗದ್ದಲಕ್ಕೆ ಹೆದರುತ್ತದೆ ಸಾರ್ ಎಂದು ನಾನು ಹೇಳುತ್ತಲೇ ಇದ್ದೆ. ಅವರು ಪೂರ್ತಿ ಕೇಳಿಸಿಕೊಂಡು, ನಿಮ್ಮ ಮನೆಯ ಮಗು ಆಗಿದ್ದರೆ ಇಲ್ಲಿ ಕೂರಿಸುತ್ತಿದ್ದಿರಾ ಎಂದು ಕೇಳಿದರು. ಕೂರಿಸುತ್ತಿದ್ದೆ ಎಂದು ಬಾಯಿಗೆ ಬಂತು. ನಮ್ಮ ಮನೆಯ ಮಗುವನ್ನು ಹೀಗೆ ಮರೆಯಲ್ಲಿ ಕೂರಿಸಿದ್ದರೆ ನಮ್ಮವರು ಏನನ್ನುತ್ತಿದ್ದರು ಎಂದು ಆಗ ಯೋಚನೆ ಬಂತು. ಹೊಸ ಹೆಡ್ಮಾಸ್ಟರ ಮುಖ ಬೆವರಿತ್ತು. ಮಗುವಿಗೆ ಇದೆಲ್ಲ ಆಗುವುದಿಲ್ಲ ಸಾರ್, ಮನೆಗೇ ಕಳಿಸಿಬಿಡುತ್ತೇವೆ ಎಂದರು. ಅಂಜಿನಮ್ಮನನ್ನು ಮಗ್ಗದಿಂದ ಎಬ್ಬಿಸಿ ಕರೆತಂದರು.

ಆಕೆ ಬಂದು ಜಗಲಿ ನೋಡಿದಳು, ತಟ್ಟೆ ನೋಡಿದಳು, ನನ್ನನ್ನು ನೋಡಿದಳು. ಆಕೆ ಒಂದು ಮಾತಾಡಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ನನ್ನ ಪರವಾಗಿ ಮಾತಾಡಿದ್ದರೆ ಕಾಲೋನಿಯಲ್ಲಿ ಆಕೆಗೆ ತಲೆ ಎತ್ತಲು ಆಗುತ್ತಿರಲಿಲ್ಲ.

“ಸಾರ್, ಅಕ್ಕಂದು ತಪ್ಪೈತೆ,” ಎಂದಳು. “ಎಲ್ಲಿ ಕೂರ್ಸಿದೀನಿ ಅಂತ ನನಗೆ ಹೇಳ್ಲಿಲ್ಲ. ಹೇಳಿದ್ರೆ ನಾನು ಒಪ್ತಿರ್ಲಿಲ್ಲ. ನಾನು ಸಣ್ಣಾಕಿದ್ದಾಗ ಹೊರಗೆ ಕೂತು ಉಂಡೀನಿ, ನನ್ನ ಮಗಳು ಕೂರಬಾರದು. ಬಟ್ಲು ನಾನೇ ಕೊಟ್ಟಿದ್ದು, ಅದು ಸುಳ್ಳಲ್ಲ. ಅಕ್ಕನ ಮನಸ್ನಾಗೆ ಕೆಟ್ಟದ್ದಿಲ್ಲ, ಅದೂ ಸುಳ್ಳಲ್ಲ.”

ಅಧಿಕಾರಿ, ಹಾಗಾದರೆ ಏನು ಮಾಡಬೇಕು ಅಂತೀಯಮ್ಮ ಎಂದು ಕೇಳಿದರು.

“ಮನೆಗೆ ಕಳ್ಸಬ್ಯಾಡ್ರಿ. ನನ್ನ ಮಗಳನ್ನ ಎಬ್ಬಿಸಿ ಆ ಕಡೆ ಕಳ್ಸೋ ಬದ್ಲು, ಗದ್ದಲಾನ ಎಬ್ಬಿಸಿ ಕಳ್ಸ್ರಿ.”

ಹೊನ್ನೂರಮ್ಮ ಬಾಗಿಲ ಹಿಂದಿನಿಂದ, ತಟ್ಟೆ ಬಿಸಾಕೋರು ನಾವೇ ಅಲ್ವಾ ಸಾರ್ ಎಂದು ಒಪ್ಪಿಕೊಂಡಳು. ಅಧಿಕಾರಿ ನನಗೆ ಬರವಣಿಗೆಯಲ್ಲಿ ಎಚ್ಚರಿಕೆ ಕೊಟ್ಟರು. ಹದಿನೈದು ದಿನ ಬಿಟ್ಟು ಮತ್ತೆ ಬರುತ್ತೇನೆ, ಆ ಮಗು ಎಲ್ಲರ ಜೊತೆ ಕೂತಿರಬೇಕು ಎಂದರು. ಎಚ್ಚರಿಕೆಯ ಕಾಗದ ಈಗಲೂ ನನ್ನ ಹತ್ತಿರ ಇದೆ. ಹರಿದು ಹಾಕಬೇಕೆಂದು ಅನ್ನಿಸಿಲ್ಲ.

ಆ ಹದಿನೈದು ದಿನ ನಾನು, ಹೊನ್ನೂರಮ್ಮ, ಮಗ್ಗ ಇಳಿದ ಮೇಲೆ ಬರುತ್ತಿದ್ದ ಅಂಜಿನಮ್ಮ, ಮೂವರೂ ಸದ್ದು ಎಲ್ಲಿಂದ ಬರುತ್ತದೆ ಎಂದು ಹುಡುಕಿದೆವು. ಹುಡುಕಿದರೆ ಮುಕ್ಕಾಲು ಪಾಲು ನಮ್ಮದೇ. ತಟ್ಟೆಗಳನ್ನು ಗುಡ್ಡೆ ಹಾಕಿ ಸುರಿಯುತ್ತಿದ್ದವರು ನಾವು. ನೆಲಕ್ಕೆ ಅಕ್ಕಿಯ ಖಾಲಿ ಗೋಣಿಚೀಲ ಹಾಸಿದೆವು, ತೊಳೆಯುವ ತೊಟ್ಟಿಯ ತಳಕ್ಕೂ ಒಂದು. ಊಟದ ಗಂಟೆ ನಿಂತಿತು, ತರಗತಿಯಿಂದ ತರಗತಿಗೆ ಒಬ್ಬರು ಹೋಗಿ ಹೇಳಿ ಬರುವುದಾಯಿತು. ಸಣ್ಣ ಮಕ್ಕಳು ಮೊದಲು, ಹತ್ತು ನಿಮಿಷ ಬಿಟ್ಟು ದೊಡ್ಡವರು. ಸಿಂಚನಾ ಸಾಲಿನ ತುದಿಗೆ, ಆದರೆ ಸಾಲಿನಲ್ಲೇ.

ಉಳಿದದ್ದು ಬಟ್ಟಲು. ಒಬ್ಬಳಿಗೆ ಬಟ್ಟಲು ಇರಬಾರದು, ಸಾರು ಅನ್ನಕ್ಕೆ ತಾಗಬಾರದು. ಅಂಜಿನಮ್ಮ ಅಂಗಳದಿಂದ ಒಂದು ಚಪ್ಪಟೆ ಕಲ್ಲು ಆರಿಸಿ ತಂದು ತಟ್ಟೆಯ ಒಂದು ಬದಿಯ ಅಡಿಗೆ ಇಟ್ಟಳು. ತಟ್ಟೆ ಓರೆಯಾಯಿತು. ಅನ್ನ ಮೇಲೆ, ಸಾರು ಕೆಳಗೆ, ನಡುವೆ ಬರಿದಾದ ಸ್ಟೀಲು. ಅವಳಿಗೆ ಮಾತ್ರ ಹಾಗೆ ಬಡಿಸಿದರೆ ಮತ್ತೆ ಬೇರೆ ಮಾಡಿದಂತಾಗುತ್ತದೆ ಎಂದು ನಾನು ಸಾಲಿನ ಈ ತುದಿಯಿಂದಲೇ ಪ್ರತಿ ಮಗುವನ್ನೂ ಕೇಳುತ್ತ ಬಂದೆ: ಸಾರು ಮೇಲೋ, ಪಕ್ಕಕ್ಕೋ?

ಸುಮಾರು ಅರ್ಧ ಮಕ್ಕಳು ‘ಪಕ್ಕಕ್ಕೆ’ ಅಂದರು.

ಸೌಟು ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಅಷ್ಟು ವರ್ಷದಿಂದ ಅನ್ನದ ನೆತ್ತಿಯ ಮೇಲೆ ಸಾರು ಹೊಯ್ದುಕೊಂಡು ಬಂದವಳು ನಾನು. ಯಾರನ್ನೂ ಕೇಳಿರಲಿಲ್ಲ. ಮಾತು ಬರುವ ಮಕ್ಕಳೂ ಹೇಳಿರಲಿಲ್ಲ. ಮಾತು ಕಡಿಮೆಯಿದ್ದ ಒಬ್ಬಳು ತಟ್ಟೆ ದೂಡಿದ್ದರಿಂದ ಅಷ್ಟು ಮಕ್ಕಳ ಊಟ ಅವರಿಗೆ ಬೇಕಾದ ಹಾಗೆ ಆಯಿತು. ವಾರದೊಳಗೆ ಎಲ್ಲರ ಜೇಬಿನಲ್ಲೂ ಒಂದೊಂದು ಕಲ್ಲು. ಹೆಡ್ಮಾಸ್ಟರು ಮೊದಲು ಗದರಿ, ಆಮೇಲೆ ಕಲ್ಲು ತೊಳೆದು ಇಡಲು ಒಂದು ಬುಟ್ಟಿ ತರಿಸಿದರು. ಅಧಿಕಾರಿ ಹೇಳಿದ ದಿನಕ್ಕೆ ಬಂದರು, ಸಾಲಿನಲ್ಲಿ ಕೂತು ಉಂಡರು. ನಾನು ಕೇಳಿದೆ. ಪಕ್ಕಕ್ಕೇ ಹಾಕಿ ಎಂದರು.

ಅಂಜಿನಮ್ಮನ ಮಗ್ಗ ಮತ್ತೆ ನಿಲ್ಲಲಿಲ್ಲ. ಎಲ್ಲವೂ ಸುಗಮವಾಯಿತು ಎಂದು ತಿಳಿಯಬೇಡಿ. ಮಳೆ ಗುಡುಗಿದ ದಿನ ಸಿಂಚನಾ ಉಣ್ಣುತ್ತಿರಲಿಲ್ಲ. ಶಾಲೆಗೆ ಅತಿಥಿಗಳು ಬಂದು ಮೈಕು ಹಾಕಿದ ದಿನ ಬೇಲಿ ದಾಟಿ ಓಡಿದ್ದಳು, ಅರ್ಧ ಊರು ಹುಡುಕಿತು. ಉಪ್ಪಿಟ್ಟನ್ನು ಇವತ್ತಿಗೂ ಮುಟ್ಟುವುದಿಲ್ಲ. ಅಂಜಿನಮ್ಮ ತನ್ನ ಕ್ರಮ ಮಾತ್ರ ಬಿಡಲಿಲ್ಲ, ಆಕೆ ಹೇಳಿದಂತೆ ಶಾಲೆಯಲ್ಲಿ ನಾನು ಮಾಡುತ್ತಿದ್ದೆ. ಮೊಟ್ಟೆ ಮೊದಲು ಪಕ್ಕದವಳ ತಟ್ಟೆಯಲ್ಲಿ, ಆಮೇಲೆ ಇವಳ ತಟ್ಟೆಯ ಹತ್ತಿರ ಸಿಪ್ಪೆ ಸಮೇತ, ಆಮೇಲೆ ಸಿಪ್ಪೆ ಇವಳೇ ಸುಲಿದು ಪಕ್ಕದವಳಿಗೆ ಕೊಡುವುದು. ಮೂರನೇ ತರಗತಿಯ ಕೊನೆಗೆ ಒಂದು ದಿನ ಸುಲಿದದ್ದನ್ನು ಕೊಡಲಿಲ್ಲ, ತಾನೇ ತಿಂದಳು. ಸಂಜೆ ಅಂಜಿನಮ್ಮನಿಗೆ ಹೇಳಿದೆ. ಸಂತೋಷಕ್ಕೆ ಅಳುತ್ತಾಳೇನೋ ಎಂದುಕೊಂಡಿದ್ದೆ. “ಪೂರ್ತಿ ತಿಂದ್ಲೋ, ಬಿಳೀದಷ್ಟೇನೋ?” ಎಂದು ಕೇಳಿದಳು. ಹಳದಿ ಬಿಟ್ಟಳು ಎಂದೆ. “ಹಂಗಾರೆ ಅದಕ್ಕೊಂದು ವರ್ಷ,” ಎಂದು ಮನೆಗೆ ನಡೆದಳು. ದೊಡ್ಡ ಓದು ಓದಿದವರಲ್ಲೂ ನಾನು ಅಂಥ ತಾಳ್ಮೆ ನೋಡಲಿಲ್ಲ.

ನನಗೆ ಅರವತ್ತಾಗುವ ಹೊತ್ತಿಗೆ ಸಿಂಚನಾ ಆರನೇ ತರಗತಿ. ಹೊನ್ನೂರಮ್ಮ ನನಗಿಂತ ಮೊದಲೇ ಕೆಲಸ ಬಿಟ್ಟಿದ್ದಳು. ನನ್ನ ಜಾಗಕ್ಕೆ ಬಂದವಳು ಪವಿತ್ರ, ಮದುವೆಯಾಗಿ ನಾಲ್ಕು ವರ್ಷವಾಗಿದ್ದ ಚುರುಕು ಹುಡುಗಿ. ನನಗೆ ಹೆದರಿಕೆ ಹತ್ತಿತು. ಮಗು ಆರು ವರ್ಷ ಉಂಡದ್ದು ನನ್ನ ಕೈಯಿಂದ. ಈ ಕೈ ಹೋದರೆ ಮತ್ತೆ ಅಂಜಿನಮ್ಮ ಮಗ್ಗ ಬಿಟ್ಟು ಓಡಿ ಬರಬೇಕೇ? ಒಂದು ತಿಂಗಳು ಮೊದಲೇ ಪವಿತ್ರಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಆಮೇಲೆ ಬಡಿಸುವುದು ಅವಳು, ಪಕ್ಕದಲ್ಲಿ ನಿಲ್ಲುವುದು ನಾನು. ಮೊದಲ ದಿನ ಸಿಂಚನಾ ಉಣ್ಣಲಿಲ್ಲ. ಎರಡನೇ ದಿನವೂ ಇಲ್ಲ. ಪವಿತ್ರ ಅತ್ತುಬಿಟ್ಟಳು. ನನಗೂ ಸೌಟು ಕಿತ್ತುಕೊಳ್ಳುವ ಆಸೆ. ಆ ಸಂಜೆ ಅಂಜಿನಮ್ಮ ಪವಿತ್ರಳ ಮನೆಗೇ ಹೋಗಿದ್ದಳಂತೆ.

“ಹಸ್ಕೊಂಡು ಬಂದ್ರೆ ಮನೆಯಾಗೆ ನಾನು ಉಣ್ಣುಸ್ತೀನವ್ವ, ಅದು ನನಗಿರ್ಲಿ,” ಎಂದಳಂತೆ. “ನೀನು ಮಾತ್ರ ನಿನ್ನೆ ಹೆಂಗೆ ಬಡಿಸಿದ್ಯೋ ನಾಳೇನೂ ಹಂಗೇ ಬಡ್ಸು. ಆಮ್ಯಾಕೆ, ಸರೋಜಕ್ಕಂಗೆ ಪಕ್ಕದಾಗೆ ನಿಂದ್ರಬ್ಯಾಡ ಅನ್ನು.”

ಪವಿತ್ರ ಇದನ್ನು ನನಗೆ ಹೇಳಲು ತುಂಬ ಸಂಕೋಚಪಟ್ಟಳು. ನನಗೂ ಒಂದು ಕ್ಷಣ ಚುಚ್ಚಿತು. ಆದರೆ ಮರುದಿನದಿಂದ ಊಟದ ಹೊತ್ತಿಗೆ ಉಗ್ರಾಣದಲ್ಲಿ ಕೂತು ಬೇಳೆ ಆರಿಸಿದೆ. ಏನಾಯಿತು ಎಂದು ಯಾರನ್ನೂ ಕೇಳಲಿಲ್ಲ. ಕೇಳದೆ ಇರುವುದನ್ನೂ ಆಕೆಯಿಂದಲೇ ಕಲಿತದ್ದು.

ನನ್ನ ಕೊನೆಯ ದಿನ ಶಾಲೆಯವರು ಶಾಲು ಹೊದಿಸಿ, ಹಾರ ಹಾಕಿ, ಇವತ್ತು ನೀವು ಬಡಿಸಬಾರದು, ಸಾಲಿನಲ್ಲಿ ಕೂತು ಉಣ್ಣಬೇಕು ಎಂದರು. ಅಂಜಿನಮ್ಮ ಬಂದಿರಲಿಲ್ಲ. ಬೇಸರವಾಗಲಿಲ್ಲ. ಮಧ್ಯಾಹ್ನ ಶಾಲೆಗೆ ಬರಬೇಕಾಗಬಾರದು ಎಂದೇ ಅಷ್ಟು ವರ್ಷ ಹೆಣಗಿದವಳು, ನನಗೋಸ್ಕರ ಅದನ್ನು ಮುರಿಯುವುದು ಬೇಡವಾಗಿತ್ತು. ನಾನು ಹೋಗಿ ಸಿಂಚನಾಗೆ ಎದುರು ಸಾಲಿನಲ್ಲಿ ಕೂತೆ. ಪವಿತ್ರ ಪಾತ್ರೆ ಹಿಡಿದು ಬಂದಳು. ಸಿಂಚನಾ ತಟ್ಟೆ ಮುಂದಕ್ಕೆ ಸರಿಸಿ, ಅನ್ನ ಬೀಳುವುದನ್ನು ನೋಡಿ, ಸೌಟು ಮೇಲೇಳುವ ಮೊದಲೇ ಇನ್ನೊಂದು ಬೇಕೆಂದು ಬೆರಳಿನಿಂದ ತಟ್ಟೆ ಮುಟ್ಟಿ ತೋರಿಸಿದಳು. ಪವಿತ್ರ ಹಾಕಿದಳು. ಹುಡುಗಿ ಉಣ್ಣತೊಡಗಿದಳು. ನನ್ನ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ.

ಅಷ್ಟು ವರ್ಷ ಎಲ್ಲರದ್ದೂ ಆದ ಮೇಲೆ ಆರಿದ್ದನ್ನು ನಿಂತೇ ಉಂಡವಳು ನಾನು. ಅವತ್ತು ಕೂತು ಬಿಸಿ ಅನ್ನ ಉಂಡೆ. ಸಾರಿಗೆ ಉಪ್ಪು ಒಂದು ಚೂರು ಕಡಿಮೆಯಿತ್ತು. ಪವಿತ್ರಳಿಗೆ ಹೇಳಲಿಲ್ಲ.